ಸಿಲೊಸೈಬಿ ಕ್ಯೂಬೆನ್ಸಿಸ್: ಗುರುತು, ಗುಣ, ಅಪಾಯ

ಮಳೆ ಬಿದ್ದ ಬೆನ್ನಿಗೇ ದನ, ಎಮ್ಮೆಗಳ ಸಗಣಿಯ ಮೇಲೆ ಏಳುವ ಉಷ್ಣವಲಯದ ಅಣಬೆ ಸಿಲೊಸೈಬಿ ಕ್ಯೂಬೆನ್ಸಿಸ್. ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ಲಿನ್ ಸಮ್ನರ್ ಅರ್ಲ್ 1906ರಲ್ಲಿ ಕ್ಯೂಬಾದ ಮಾದರಿಯನ್ನು ಸ್ಟ್ರೊಫೇರಿಯಾ ಕುಲದಲ್ಲಿಟ್ಟು ವರ್ಣಿಸಿದರು. ಈಗಿನ ಕುಲಕ್ಕೆ ತಂದವರು ರೋಲ್ಫ್ ಸಿಂಗರ್.

ಇದರಲ್ಲಿರುವ ಸಿಲೊಸೈಬಿನ್ ಎಂಬ ರಾಸಾಯನಿಕ ದೇಹದೊಳಗೆ ಫಾಸ್ಫೇಟನ್ನು ಕಳೆದುಕೊಂಡು ಸಿಲೊಸಿನ್ ಆಗುತ್ತದೆ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹಿಡಿಯುವ 2ಎ ಗ್ರಾಹಕಗಳಿಗೆ ಅಂಟಿ ನೋಟ, ಕಾಲದ ಅರಿವು, ಭಾವನೆಗಳನ್ನು ಏರುಪೇರು ಮಾಡುವುದು ಈ ಸಿಲೊಸಿನ್ನೇ. ಪರಿಣಾಮ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಶುರುವಾಗಿ 4ರಿಂದ 6 ಗಂಟೆ ಇರುತ್ತದೆ. ಒಂದೇ ಜಾಗದ ಅಣಬೆಗಳಲ್ಲೂ ಸಿಲೊಸೈಬಿನ್‌ನ ಪ್ರಮಾಣ ಹಲವು ಪಟ್ಟು ಏರಿಳಿಯುವುದರಿಂದ ಎಷ್ಟು ಅಣಬೆ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಮನೋವಿಕಾರದ ಹಿನ್ನೆಲೆಯವರಿಗೆ ಅಪಾಯ ಹೆಚ್ಚು. ಲಿಥಿಯಂ ಔಷಧ ತೆಗೆದುಕೊಳ್ಳುವವರಲ್ಲಿ ಅಪಸ್ಮಾರದಂಥ ಸೆಳವು ಕಂಡ ವರದಿಗಳಿವೆ.

ಟೊಪ್ಪಿ 2ರಿಂದ 8 ಸೆಂ.ಮೀ. ಅಗಲ. ಎಳೆಯದಾಗಿದ್ದಾಗ ಗಂಟೆಯಾಕಾರ, ಬಲಿತಂತೆ ಚಪ್ಪಟೆ. ನಡುವೆ ಹೊಂಗಂದು, ಅಂಚಿಗೆ ಹೋದಂತೆ ಬಿಳಿಚು. ಬಿಳಿಯ ತೊಟ್ಟಿನ ಮೇಲ್ಭಾಗದಲ್ಲಿ ಪೊರೆಯಂಥ ಉಂಗುರವಿದ್ದು, ಉದುರಿದ ಬೀಜಾಣುಗಳಿಂದ ಅದು ಕಪ್ಪಾಗಿರುತ್ತದೆ. ಜಜ್ಜಿದ ಕಡೆ ಕೆಲವು ನಿಮಿಷಗಳಲ್ಲಿ ನೀಲಿ ಮೂಡುತ್ತದೆ, ಏಕೆಂದರೆ ಗಾಯವಾದ ಜೀವಕೋಶಗಳ ಕಿಣ್ವಗಳು ಸಿಲೊಸಿನ್ನನ್ನು ಉತ್ಕರ್ಷಿಸಿ ಅದರ ಅಣುಗಳನ್ನು ಒಂದಕ್ಕೊಂದು ಬೆಸೆಯುತ್ತವೆ.

ಹೆಚ್ಚಿನವರು ಎಡವುವುದು ಈ ನೀಲಿಯಲ್ಲೇ. ಟೊಪ್ಪಿಯ ಕೆಳಗೆ ಸಣ್ಣ ರಂಧ್ರಗಳಿರುವ ಬೊಲೀಟ್ ಅಣಬೆಗಳಲ್ಲಿ ಹಲವು ಕತ್ತರಿಸಿದ ಕೂಡಲೇ ನೀಲಿಯಾಗುತ್ತವೆ. ಅಲ್ಲಿ ಕೆಲಸ ಮಾಡುವ ರಾಸಾಯನಿಕವೇ ಬೇರೆ, ಆ ಅಣಬೆಗಳಲ್ಲಿ ಕೆಲವು ವಿಷಕಾರಿ ಕೂಡ. ನೀಲಿಯನ್ನು ಒಂಟಿ ಸಾಕ್ಷಿಯಾಗಿ ಎಂದೂ ನಂಬಬಾರದು.

ಬೀಜಾಣು ಅಚ್ಚು, ಅಂದರೆ ಉದುರಿದ ಬೀಜಾಣುಗಳು ಕಾಗದದ ಮೇಲೆ ಮೂಡಿಸುವ ಬಣ್ಣದ ಗುರುತು, ಅದಕ್ಕಿಂತ ಗಟ್ಟಿ ಪರೀಕ್ಷೆ. ತೊಟ್ಟನ್ನು ಟೊಪ್ಪಿಗೆ ತಾಗಿದಂತೆ ಕತ್ತರಿಸಿ, ಟೊಪ್ಪಿಯ ಅಡಿಯ ಪದರಗಳು ಕೆಳಮುಖವಾಗುವಂತೆ ಟೊಪ್ಪಿಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು, ಗಾಳಿಯಾಡದಂತೆ ಬಟ್ಟಲು ಕವುಚಿ ರಾತ್ರಿಯಿಡೀ ಬಿಡಬೇಕು. ನೀರು ತೊಟ್ಟಿಕ್ಕುವ ಟೊಪ್ಪಿಯಾದರೆ ಅಚ್ಚು ಕಲಸಿಹೋಗುತ್ತದೆ, ಒಣಗಿದ್ದಾದರೆ ಬೀಜಾಣುಗಳು ಬೀಳುವುದೇ ಇಲ್ಲ. ಕ್ಯೂಬೆನ್ಸಿಸ್‌ನ ಅಚ್ಚು ಗಾಢ ನೇರಳೆಗಂದು. ಹುಲ್ಲಿನಲ್ಲೇ ಬೆಳೆದು ತೀವ್ರ ವಾಂತಿಭೇದಿ ತರಿಸುವ ಕ್ಲೊರೊಫಿಲಂ ಮಾಲಿಬ್ಡೈಟಿಸ್‌ನದು ಹಸಿರು. ಕೊಳೆತ ಮರದ ಮೇಲಿನ ಗ್ಯಾಲೆರಿನಾ ಮಾರ್ಜಿನೇಟಾದ್ದು ತುಕ್ಕುಗಂದು. ಅದಕ್ಕೂ ಉಂಗುರವಿದೆ, ಅದರಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ, ಬೇಯಿಸಿದರೂ ನಾಶವಾಗುವುದಿಲ್ಲ. ಬಣ್ಣ ಹೊಂದಿತೆಂದ ಮಾತ್ರಕ್ಕೆ ತಿನ್ನಲು ಸುರಕ್ಷಿತವೆಂದಲ್ಲ. ಖಚಿತ ಗುರುತಿಗೆ ಸೂಕ್ಷ್ಮದರ್ಶಕ ಬೇಕು.

ಮನಸ್ಸಿನ ಮೇಲೆ ಪರಿಣಾಮ ಬೀರುವ ಪದಾರ್ಥಗಳ ಕುರಿತ 1971ರ ವಿಶ್ವಸಂಸ್ಥೆಯ ಒಪ್ಪಂದ ಸಿಲೊಸೈಬಿನ್, ಸಿಲೊಸಿನ್ ಎರಡನ್ನೂ ಅತಿ ಬಿಗಿ ನಿಯಂತ್ರಣದ ಮೊದಲ ಅನುಸೂಚಿಯಲ್ಲಿಟ್ಟಿದೆ. ಅಣಬೆಯ ಬಗ್ಗೆ ಒಂದೊಂದು ದೇಶದ ಕಾನೂನು ಒಂದೊಂದು ಥರ.

ಕಾಡಣಬೆ ತಿಂದು 6 ಗಂಟೆ ಕಳೆದ ಮೇಲೆ ವಾಂತಿ, ಭೇದಿ ಶುರುವಾದರೆ ಅಮಾಟಾಕ್ಸಿನ್ ಎಂದೇ ಶಂಕಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮರುದಿನ ಹೊಟ್ಟೆ ಶಾಂತವಾದಂತೆ ಕಂಡರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಉಳಿದ ಅಣಬೆಯನ್ನು ಕಾಗದದ ಚೀಲದಲ್ಲಿ ಜೊತೆಗೊಯ್ಯಿರಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ಬೇಗ ಕೊಳೆತು ಗುರುತು ಸಿಗದಂತಾಗುತ್ತದೆ.