ಬ್ಯಾಟರಿ ವೈರ್ ತೆಗೆದು ಹಾಕಿದರೆ ಇಸಿಯು ರೀಸೆಟ್ ಆಗುತ್ತದೆಯೇ?

ಪ್ರಶ್ನೆ: ನನ್ನದು ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಸ್ಪೋರ್ಟ್ಸ್ ಬೈಕ್. ಕಾರವಾರ–ಶಿರಸಿ ಓಡಾಟ. ಮಳೆ ಹಿಡಿದ ಮೇಲೆ ಎಂಜಿನ್ ಲೈಟ್ ಬರುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಎರಡು ವಾರ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಇಸಿಯು ಪೂರ್ತಿ ರೀಸೆಟ್ ಮಾಡುವುದು ಹೇಗೆ? ಅಥವಾ ಇಸಿಯುವೇ ಹೋಗಿದೆಯಾ?

ಉತ್ತರ: ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಹೋಗಿರುವ ಲಕ್ಷಣ ಇದಲ್ಲ. ಸುಟ್ಟ ಇಸಿಯು ಸ್ಕ್ರೂಡ್ರೈವರ್ ತಾಗಿಸಿದ್ದಕ್ಕೆ ಎರಡು ವಾರ ರಜೆ ಕೊಡುವುದಿಲ್ಲ. ಜೂನ್ ಬಂದರೆ ಸಾಕು, ಅಂಕೋಲಾ, ಕುಮಟಾ, ಹೊನ್ನಾವರ ಎಂದು ಊರಿನ ಹೆಸರು ಬದಲಾಗಿ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ರೀಸೆಟ್ ಎಂಬ ನಂಬಿಕೆ ಬಂದಿದ್ದು ಮೊಬೈಲು, ವೈಫೈ ಡಬ್ಬಿಗಳಿಂದ. ಹ್ಯಾಂಗ್ ಆಯಿತೇ, ಆಫ್ ಮಾಡಿ ಆನ್ ಮಾಡು. ಬೈಕಿನ ಇಸಿಯು ಹಾಗಲ್ಲ ಸ್ವಾಮಿ. ಕೀ ತಿರುಗಿಸಿದಾಗಲೆಲ್ಲ ಅದು ಆಫ್ ಆಗಿ ಆನ್ ಆಗುತ್ತಲೇ ಇದೆ. ಎಷ್ಟು ಆರ್‌ಪಿಎಂಗೆ, ಎಷ್ಟು ಗಾಳಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬ ಕೋಷ್ಟಕ, ಅಂದರೆ ಮ್ಯಾಪ್, ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಬ್ಯಾಟರಿಯನ್ನು ಹತ್ತು ತಿಂಗಳು ತೆಗೆದಿಟ್ಟರೂ ಅದರಲ್ಲಿ ಒಂದಂಕಿ ಅಳಿಸುವುದಿಲ್ಲ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಫಾಲ್ಟ್ ಕೋಡ್‌ಗಳೂ, ಅಂದರೆ ಇಸಿಯು ಬರೆದಿಟ್ಟ ದೋಷದ ನಂಬರ್‌ಗಳೂ, ಹಾಗೆಯೇ ಉಳಿಯುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಓಡುತ್ತ ಓಡುತ್ತ ಕಲಿತ ಐಡ್ಲಿಂಗ್ ಮತ್ತು ಪೆಟ್ರೋಲಿನ ಸಣ್ಣ ತಿದ್ದುಪಡಿಗಳು ಅಳಿಸಿಹೋಗುತ್ತವೆ. ಗಾಡಿ ಅದನ್ನು ಮತ್ತೆ ಕಲಿಯಬೇಕು, ಅಷ್ಟೇ ಲಾಭ.

ಹಾಗಾದರೆ ಎರಡು ವಾರ ಸರಿಯಾದದ್ದು ಸುಳ್ಳೇ? ಸುಳ್ಳಲ್ಲ. ಮುಂದಿನ ಸಲ ಮೈನಸ್ ಟರ್ಮಿನಲ್ ಬಿಚ್ಚುವಾಗ ಕೈಯನ್ನೇ ನೋಡಿ. ಸ್ಕ್ರೂ ಸಡಿಲವಾಗುತ್ತಿದ್ದಂತೆ ವೈರಿನ ತುದಿಯ ರಿಂಗ್ ಅತ್ತಿತ್ತ ತಿರುಗಿ ಟರ್ಮಿನಲ್ ಮೇಲೆ ಉಜ್ಜುತ್ತದೆ. ಉಪ್ಪುಗಾಳಿಗೆ ಅಲ್ಲಿ ಕೂತಿದ್ದ ಬಿಳಿ ಪುಡಿ, ಹಸಿರು ಕಿಲುಬು ಒಂದಷ್ಟು ಉದುರುತ್ತದೆ. ಬಿಗಿ ಮಾಡಿದಾಗ ಲೋಹಕ್ಕೆ ಲೋಹ ತಾಗುತ್ತದೆ, ಕರೆಂಟ್ ಸರಾಗ. ನೀವು ರೀಸೆಟ್ ಮಾಡಿದ್ದು ಆ ಕಿಲುಬನ್ನು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು, ಹೆಸರು ಇಸಿಯುಗೆ ಬಂತು.

ಅಷ್ಟು ಚೂರು ಕಿಲುಬಿಗೆ ಎಂಜಿನ್ ಏಕೆ ತತ್ತರಿಸಬೇಕು? ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ ತೆರೆದಿರುವುದೇ ಎರಡು ಮೂರು ಮಿಲಿಸೆಕೆಂಡ್. ತನಗೆ ಕಾಣುವ ವೋಲ್ಟೇಜ್ ನೋಡಿ ಇಸಿಯು ಆ ಹೊತ್ತನ್ನು ಲೆಕ್ಕ ಹಾಕುತ್ತದೆ. ಇಂಜೆಕ್ಟರ್ ಕಪ್ಲರಿನಲ್ಲಿ, ಅಂದರೆ ಅದರ ವೈರ್ ಜೋಡಿಸುವ ಪ್ಲಗ್ಗಿನಲ್ಲಿ, ಎರಡು ವೋಲ್ಟ್ ಸೋರಿಹೋದರೆ ಇಂಜೆಕ್ಟರ್ ತೆರೆಯುವುದೇ ತಡ, ಪೆಟ್ರೋಲ್ ಕಡಿಮೆ, ಮಿಸ್ಸಿಂಗ್. ಸೆನ್ಸರ್‌ಗಳದ್ದು ಇನ್ನೂ ಸೂಕ್ಷ್ಮ. ಥ್ರಾಟಲ್ ಸೆನ್ಸರ್ ನಡೆಯುವುದು 5 ವೋಲ್ಟಿನಲ್ಲಿ. ಆಕ್ಸಿಲರೇಟರ್ ಮುಟ್ಟದಿದ್ದಾಗ ಸುಮಾರು 0.7 ತೋರಿಸಬೇಕಾದದ್ದು, ಅರ್ತಿಂಗ್ ಪಿನ್ ಕಿಲುಬು ಹಿಡಿದು 1 ತೋರಿಸಿದರೆ, ನೀವು ಕೈ ತಿರುಗಿಸಿದ್ದೀರಿ ಎಂದೇ ಇಸಿಯು ತಿಳಿಯುತ್ತದೆ. ಪಾಪ, ಕೇಳಿದ್ದನ್ನು ನಂಬುವುದು ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ.

ಈಗ ಕೆಲಸ. ಮೊದಲು ಕೋಡ್ ಓದಿಸಿ, ಅಳಿಸಬೇಡಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗೆ ಸ್ಕ್ಯಾನರ್ ಹಾಕಬಹುದು. ಆರ್15ರ ಹಳೆಯ ಮಾಡೆಲ್‌ನಂಥ ಯಮಹಾ ಗಾಡಿಗಳಲ್ಲಿ ಲೈಟೇ ಮಿನುಗಿ ನಂಬರ್ ಹೇಳುತ್ತದೆ: ಉದ್ದ ಮಿನುಗು ಹತ್ತು, ಗಿಡ್ಡ ಮಿನುಗು ಒಂದು. ಒಂದು ಉದ್ದ, ಐದು ಗಿಡ್ಡ ಬಂದರೆ 15, ಥ್ರಾಟಲ್ ಸೆನ್ಸರ್. 24 ಆಕ್ಸಿಜನ್ ಸೆನ್ಸರ್. 46 ಬಂದರೆ ಎಫ್‌ಐಗೆ ಸರಿಯಾದ ವೋಲ್ಟೇಜ್ ಸಿಗುತ್ತಿಲ್ಲ. ಕೋಡ್ 15 ಬಂದ ಕೂಡಲೇ ಹೊಸ ಸೆನ್ಸರ್ ತರಲು ಓಡಬೇಡಿ. ಅದು ತೋರಿಸುವುದು ಆ ದಾರಿಯನ್ನು, ಆ ದಾರಿಯಲ್ಲಿ ವೈರೂ ಇದೆ, ಕಪ್ಲರೂ ಇದೆ.

ಆಮೇಲೆ ಮಲ್ಟಿಮೀಟರ್. ರಾತ್ರಿ ನಿಂತ ಬ್ಯಾಟರಿ 12.6ರ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬೀಳಬಾರದು, ಸ್ವಲ್ಪ ರೇಸ್ ಮಾಡಿದಾಗ 13.5ರಿಂದ 14.5. ಇದು ಸರಿಯಿದ್ದರೆ ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ ಮಾಡಿ: ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಡಿಸಿ ವೋಲ್ಟ್‌ನಲ್ಲಿಟ್ಟು ಸೆಲ್ಫ್ ಹೊಡೆಯಿರಿ. 0.2 ವೋಲ್ಟ್ ದಾಟಿದರೆ ಅರ್ತಿಂಗ್ ಕೆಟ್ಟಿದೆ. ಫ್ರೇಮಿನ ಅರ್ತಿಂಗ್ ಬೋಲ್ಟ್ ಬಿಚ್ಚಿ, 400ರ ಪಾಲಿಶ್ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿ.

ಕಪ್ಲರ್‌ಗಳನ್ನು ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಹಸಿರು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ರಬ್ಬರ್ ಸೀಲಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ವೈರಿಗೆ ಸೂಜಿ ಚುಚ್ಚಿ ಕರೆಂಟ್ ನೋಡುವ ಮೆಕ್ಯಾನಿಕ್‌ನನ್ನು ಕೈ ಹಿಡಿದು ನಿಲ್ಲಿಸಿ. ಕರಾವಳಿಯಲ್ಲಿ ಆ ತೂತೇ ಮುಂದಿನ ಮಳೆಗಾಲದ ಕಿಲುಬಿಗೆ ಬಾಗಿಲು. ಬ್ಯಾಟರಿ ಬಿಚ್ಚಲೇಬೇಕಾದರೆ ಕೀ ಆಫ್ ಇರಲಿ, ಮೊದಲು ಮೈನಸ್, ಆಮೇಲೆ ಪ್ಲಸ್, ಜೋಡಿಸುವಾಗ ತಿರುಗಾಮುರುಗಾ. ಎಂಜಿನ್ ಓಡುತ್ತಿರುವಾಗ ವೈರ್ ಕಿತ್ತರೆ ಆ ಏಟಿಗೆ ಇಸಿಯು ನಿಜಕ್ಕೂ ಹೋಗಬಹುದು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಶಿರಸಿಯ ಹೆಸರು ಬಂದಿದ್ದರಿಂದ ಹೇಳುತ್ತೇನೆ. ಘಟ್ಟದ ಮೇಲಕ್ಕೊಂದು, ಕೆಳಕ್ಕೊಂದು ಎಂದು ಎಫ್‌ಐ ಸೆಟ್ಟಿಂಗ್ ಬೇರೆ ಇಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಗಾಳಿಯ ಒತ್ತಡ ಶೇ 7ರಷ್ಟು ಕಡಿಮೆ. ಅದನ್ನು ಒತ್ತಡದ ಸೆನ್ಸರ್ ಓದಿ ಇಸಿಯು ಪೆಟ್ರೋಲ್ ತಾನೇ ಇಳಿಸಿಕೊಳ್ಳುತ್ತದೆ. ಪಿಕಪ್ ಒಂದು ಚೂರು ಇಳಿಯುವುದು ಸಹಜ, ಯಾವ ಮ್ಯಾಪ್ ಹಾಕಿಸಿದರೂ ಇಲ್ಲದ ಗಾಳಿ ಬರುವುದಿಲ್ಲ. ಥ್ರಾಟಲ್ ಬಾಡಿಯ ಬಣ್ಣ ಹಚ್ಚಿದ ಸ್ಟಾಪ್ ಸ್ಕ್ರೂ ತಿರುಗಿಸಲು ಯಾರಿಗೂ ಬಿಡಬೇಡಿ, ಅದು ಕಾರ್ಬೊರೇಟರ್ ಕಾಲದ ಕೈಚಳಕ.

ಆದರೆ ದೇವಿಮನೆ ಘಟ್ಟದಲ್ಲಿ ಫುಲ್ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ, ಲೈಟೂ ಬಾರದೆ ಗಾಡಿ ಉಸಿರು ಕಟ್ಟಿದರೆ ಪೆಟ್ರೋಲ್ ಕಡೆ ನೋಡಿ. ಟ್ಯಾಂಕ್ ಮುಚ್ಚಳ ತೆಗೆದರೆ ಬಾಯಿಯ ಸುತ್ತ ತಟ್ಟೆಯಂಥ ಜಾಗದಲ್ಲಿ ಸಣ್ಣ ತೂತು ಕಾಣುತ್ತದೆ, ಮಳೆನೀರು ಇಳಿದುಹೋಗಲಿಕ್ಕೆ. ಟ್ಯಾಂಕಿನೊಳಗೆ ಬೀಳದಂತೆ ಅಲ್ಲಿಗೆ ಒಂದು ಚಮಚ ನೀರು ಬಿಡಿ. ಗಾಡಿಯ ಅಡಿಯಲ್ಲಿ ಪೈಪಿನಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ದಾರಿ ಕಟ್ಟಿದೆ, ನೀರು ಟ್ಯಾಂಕಿಗೇ ಇಳಿದಿರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಪಂಪ್ ಹೊರತೆಗೆದು ಅದರ ಜಾಲರಿ ನೋಡಿ.