ರೂಯಿನ್ ಪೋರ್ನ್: ಪಾಳು ಗೋಡೆಯ ಚೆಲುವಿನ ಮೇಲೊಂದು ಆರೋಪ

ಗಾಜು ಒಡೆದ ಕಿಟಕಿ, ಸೂರು ಕಳಚಿದ ಕಾರ್ಖಾನೆ, ಗೋಡೆ ತುಂಬ ಗ್ರಾಫಿಟಿ. ಇಂಥ ಚಿತ್ರಗಳ ವಿಷಯ ಬಂದಾಗಲೆಲ್ಲ ಛಾಯಾಗ್ರಾಹಕರ ನಡುವೆ ಕೇಳಿಬರುವ ಮಾತು 'ರೂಯಿನ್ ಪೋರ್ನ್'. ಇದು ಬೈಗುಳ, ತಾನು ಮಾಡುವ ಕೆಲಸಕ್ಕೆ ಯಾರೂ ಈ ಹೆಸರಿಟ್ಟುಕೊಳ್ಳುವುದಿಲ್ಲ. ಊರು ಹಾಳಾದ ಕಾರಣವನ್ನೂ ಅಲ್ಲಿ ಇನ್ನೂ ಬದುಕುತ್ತಿರುವವರನ್ನೂ ಚೌಕಟ್ಟಿನಾಚೆ ಬಿಟ್ಟು, ಹಾಳನ್ನಷ್ಟೇ ಕಣ್ಣಿನ ಚಪಲಕ್ಕೆ ಉಣಬಡಿಸುವ ಚಿತ್ರ ಎಂಬುದು ಇದರ ಅರ್ಥ.

ಮಾತು ಹಬ್ಬಿದ್ದು 2009ರ ಸುಮಾರಿಗೆ, ಅಮೆರಿಕದ ಡೆಟ್ರಾಯಿಟ್‌ನಿಂದ. 1950ರಲ್ಲಿ 18 ಲಕ್ಷ ದಾಟಿದ್ದ ಆ ಕಾರು ನಗರದ ಜನಸಂಖ್ಯೆ 2010ಕ್ಕೆ ಸುಮಾರು 7 ಲಕ್ಷಕ್ಕೆ ಇಳಿದಿತ್ತು. ಕಾರ್ಖಾನೆಗಳು ಬೇರೆಡೆ ಹೋದವು, ಬಿಳಿಯರು ಉಪನಗರಗಳಿಗೆ ಹೊರಟರು, ತೆರಿಗೆ ಕಟ್ಟುವವರೇ ಕಡಿಮೆಯಾದರು. ಅಷ್ಟರಲ್ಲಿ, 2009ರಲ್ಲಿ, ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿದವು. ಸುದ್ದಿಗೆ ಚಿತ್ರ ಬೇಕಲ್ಲ, ಕ್ಯಾಮೆರಾಗಳು ಪ್ಯಾಕಾರ್ಡ್ ಕಾರ್ಖಾನೆಯ ಅವಶೇಷಗಳತ್ತ ತಿರುಗಿದವು. ಅಲ್ಲಿ ಕಾರು ತಯಾರಿಕೆ ನಿಂತದ್ದು 1956ರಲ್ಲಿ! ಅರ್ಧ ಶತಮಾನ ಹಳೆಯ ಹಾಳು ಆ ದಿನದ ಬಿಕ್ಕಟ್ಟಿನ ಸಾಕ್ಷಿಯಾಗಿಬಿಟ್ಟಿತು.

ಮಿಚಿಗನ್ ಸೆಂಟ್ರಲ್ ರೈಲು ನಿಲ್ದಾಣದ್ದೂ ಇದೇ ಪಾಡು. 1913ರಲ್ಲಿ ತೆರೆದ ಈ 18 ಅಂತಸ್ತಿನ ಕಟ್ಟಡದಿಂದ ಕೊನೆಯ ರೈಲು ಹೊರಟದ್ದು 1988ರಲ್ಲಿ. ಆಮೇಲೆ ಅದರ ಮುಂಬದಿಯ ಕಿಟಕಿಯಲ್ಲಿ ಕಣ್ಣಿಟ್ಟರೆ ಹಿಂಬದಿಯ ಆಕಾಶ ಕಾಣುತ್ತಿತ್ತು. ಅದನ್ನು ನೋಡಿ ಕ್ಯಾಮೆರಾ ಎತ್ತದವರು ಯಾರು? ಆದರೆ ಕೂಗಳತೆಯಲ್ಲೇ ಗಿರಾಕಿಗಳು ತುಂಬಿದ ಹೋಟೆಲ್ ಇತ್ತು, ಅದು ಚಿತ್ರಗಳಲ್ಲಿ ಬರುತ್ತಿರಲಿಲ್ಲ. ಸ್ಥಳೀಯರ ಸಿಟ್ಟು ಇದಕ್ಕೇ. ಈಗ ಫೋರ್ಡ್ ಕಂಪನಿ ಅದನ್ನು ಕೊಂಡು ದುರಸ್ತಿ ಮಾಡಿ 2024ರ ಜೂನ್‌ನಲ್ಲಿ ಮತ್ತೆ ತೆರೆದಿದೆ.

ಆರೋಪವನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ. ಶಿಥಿಲ ಗೋಡೆ ನಿಜಕ್ಕೂ ಚೆಂದ, ಮತ್ತು ಹತ್ತಿರ ಹೋದರೆ ಅದು ಸುಳ್ಳು ಹೇಳುವುದೂ ಇಲ್ಲ. ತೇವ ಮೇಲೇರಿ ಒಣಗುವಾಗ ಇಟ್ಟಿಗೆಯೊಳಗಿನ ಉಪ್ಪು ಬಿಳಿಪುಡಿಯಾಗಿ ಹೊರಬೀಳುತ್ತದೆ, ಬಣ್ಣ ಹಪ್ಪಳ ಏಳುತ್ತದೆ. ಅಂಚಿನಲ್ಲಿ ಮೇಲಿನ ಹಸಿರಿನಡಿ ಹಳೆಯ ನೀಲಿ, ಅದರಡಿ ಸುಣ್ಣ. ಗ್ರಾಫಿಟಿಯ ಗೆರೆ ಆ ಹಪ್ಪಳದ ಜೊತೆಗೇ ಉದುರಿದ್ದರೆ, ಬರೆದವನು ಬಂದಾಗ ಗೋಡೆ ಇನ್ನೂ ಗಟ್ಟಿಯಾಗಿತ್ತು. ಗೆರೆ ಬರಿಯ ಇಟ್ಟಿಗೆಯ ಮೇಲೂ ಮುಂದುವರಿದಿದ್ದರೆ ಅವನು ಬಂದದ್ದು ಬಣ್ಣ ಉದುರಿದ ಮೇಲೆ. ಬಣ್ಣಗಳನ್ನು ಉರಿಯುವಷ್ಟು ಹೆಚ್ಚಿಸಿದ ಎಚ್‌ಡಿಆರ್ (ಬೆಳಕಿನ ಪ್ರಮಾಣ ಬದಲಿಸಿ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಬೆಸೆಯುವ ವಿಧಾನ) ಚಿತ್ರದಲ್ಲಿ ಮೊದಲು ಮಾಯವಾಗುವುದು ಇಂಥ ವಿವರವೇ.

ಕಾಲವನ್ನು ಚಿತ್ರದೊಳಗೆ ತರಲು ಚಿಲಿ ಮೂಲದ ಛಾಯಾಗ್ರಾಹಕ ಕಮೀಲೊ ಹೋಸೆ ವರ್ಗಾರಾ ಹಿಡಿದ ದಾರಿ ಸರಳ: ಅಮೆರಿಕದ ಹಾರ್ಲೆಮ್, ಕ್ಯಾಮ್ಡೆನ್, ಡೆಟ್ರಾಯಿಟ್‌ಗಳ ಅದೇ ಬೀದಿಮೂಲೆಗಳಿಗೆ ದಶಕಗಳ ಕಾಲ ಮತ್ತೆ ಮತ್ತೆ ಹೋಗಿ ಚಿತ್ರ ತೆಗೆಯುವುದು. ಅಂಗಡಿ ಚರ್ಚ್ ಆಗುತ್ತದೆ, ಚರ್ಚ್ ಖಾಲಿ ನಿವೇಶನವಾಗುತ್ತದೆ. ಹಾಗೆಂದು ಅವರೂ ಟೀಕೆಯಿಂದ ಪಾರಾಗಲಿಲ್ಲ. ಡೆಟ್ರಾಯಿಟ್‌ನ ಖಾಲಿ ಗಗನಚುಂಬಿಗಳನ್ನು ಅಥೆನ್ಸ್‌ನ ಬೆಟ್ಟದ ಮೇಲಿನ ಪ್ರಾಚೀನ ಅವಶೇಷಗಳ ಹಾಗೆ, ಅಮೆರಿಕದ ಅಕ್ರೊಪೊಲಿಸ್‌ನಂತೆ ಹಾಗೆಯೇ ಉಳಿಸಿಕೊಳ್ಳಿ ಎಂದು 1995ರಲ್ಲಿ ಅವರು ಸೂಚಿಸಿದಾಗ ನಗರದ ಅನೇಕರಿಗೆ ಅದು ಅವಮಾನವೆನಿಸಿತು.

ನಮ್ಮಲ್ಲಿ ಈ ಪದ ಸಲ್ಲುವುದು ಹಂಪಿಗಿಂತ ಹೆಚ್ಚಾಗಿ ಕೆಜಿಎಫ್‌ಗೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ತುಕ್ಕು ಹಿಡಿದ ಶಾಫ್ಟ್ ಗೋಪುರಗಳೂ ಮಳೆ ಕೊರೆದ ಸೈನೈಡ್ ದಿಬ್ಬಗಳೂ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳು) ಕ್ಯಾಮೆರಾಗಳಿಗೆ ಹಬ್ಬವಾಗಿವೆ. ದಿಬ್ಬ ಚಿತ್ರದಲ್ಲಿ ಮರುಭೂಮಿಯಂತೆ ಕಾಣುತ್ತದೆ. ಗಾಳಿ ಬೀಸಿದಾಗ ಅದರ ಧೂಳು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ. ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ, ಬೆಂಗಳೂರಿನ ಕೆಲಸಕ್ಕೆ ಮಾರಿಕುಪ್ಪಂ ರೈಲು ಹಿಡಿಯುವವರಿದ್ದಾರೆ. ಬೆಳಗಿನ ಆ ರೈಲಿನ ನೂಕುನುಗ್ಗಲು ಕೆಜಿಎಫ್‌ನ 'ಪಾಳು' ಚಿತ್ರಮಾಲೆಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತೀರ ಅಪರೂಪ.