ರೋಗಿಯ ಜೊತೆ ಊರೂರು ಸುತ್ತುವ ಸೂಕ್ಷ್ಮಾಣು

ಉತ್ತರ ಕನ್ನಡದಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮನೆಯವರು ಮೊದಲು ಯೋಚಿಸುವುದು ದಾರಿಯ ಬಗ್ಗೆ. ಕಾರವಾರದವರಿಗೆ ಗೋವಾ ಹತ್ತಿರ, ಭಟ್ಕಳದವರಿಗೆ ಮಣಿಪಾಲ, ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಅಲ್ಲಿ ಐಸಿಯುನಲ್ಲಿ ವಾರಗಟ್ಟಲೆ ಇದ್ದು, ಮೂತ್ರದ ನಳಿಕೆ ಹಾಕಿಕೊಂಡೇ ಊರಿನ ಆಸ್ಪತ್ರೆಗೆ ಮರಳುವವರಿದ್ದಾರೆ. ಆಸ್ಪತ್ರೆ ಸೋಂಕು ತಡೆಯುವ ಮೈಕ್ರೋಬಯಾಲಜಿಸ್ಟರ, ಅಂದರೆ ಸೂಕ್ಷ್ಮಾಣು ತಜ್ಞರ, ಕಣ್ಣು ಮೊದಲು ಹೋಗಬೇಕಾದದ್ದು ಇಂಥವರ ಕಡೆಗೆ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಅವರ ಜೊತೆಗೇ ಬಂದಿರಬಹುದು.

ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರ ಮೂತ್ರದಲ್ಲಿ 2008ರಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕೊನೆಯ ಅಸ್ತ್ರದಂತಿದ್ದ ಕಾರ್ಬಪೆನೆಮ್ ಎಂಬ ಆ್ಯಂಟಿಬಯೋಟಿಕ್ ಔಷಧಗಳನ್ನೇ ಅದು ಒಡೆದುಹಾಕುತ್ತಿತ್ತು. ಅದಕ್ಕೆ ಆ ಶಕ್ತಿ ಕೊಟ್ಟ ಎನ್‌ಡಿಎಂ-1 ಎಂಬ ಜೀನು ಅದೇ ರೋಗಿಯ ಮಲದಲ್ಲಿದ್ದ ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲೂ ಇತ್ತು. ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಇಂಥ ಜೀನುಗಳನ್ನು ಕೈಬದಲಾಯಿಸಿಕೊಳ್ಳುತ್ತವೆ. ಖಂಡ ದಾಟಿದ್ದಕ್ಕೆ ಘಟ್ಟ ಇಳಿಯುವುದು ಎಷ್ಟರ ಮಾತು!

ಇಂಥ ಸೂಕ್ಷ್ಮಾಣುಗಳನ್ನು ಹಿಡಿಯುವ ಮೈಕ್ರೋಬಯಾಲಜಿಸ್ಟರ ಕೆಲಸಕ್ಕೆ ಎಂಬಿಬಿಎಸ್ ಆದಮೇಲೆ ಮೂರು ವರ್ಷ ಮೈಕ್ರೋಬಯಾಲಜಿಯಲ್ಲಿ ಎಂಡಿ ಓದಬೇಕು. ‘ರೋಗಿಯನ್ನೇ ನೋಡದ ಡಾಕ್ಟರು’ ಎಂದು ಹಗುರವಾಗಿ ಆಡುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಲ್ಯಾಬಿನ ಒಂದು ಬೆಳಗ್ಗೆ ನೋಡಿ. ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿದ್ದ, ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಪ್ಲೇಟಿನಲ್ಲಿ ಗುಲಾಬಿ ಬಣ್ಣದ, ಲೋಳೆಲೋಳೆಯಾದ ಗುಳ್ಳೆಗಳು. ತಂತಿಯ ತುದಿ ತಾಗಿಸಿ ಎತ್ತಿದರೆ ನೂಲಿನ ಹಾಗೆ ಎಳೆ ಬರುತ್ತದೆ. ಕ್ಲೆಬ್ಸಿಯೆಲ್ಲಾ ಇರಬೇಕೆಂದು ಆಗಲೇ ಅನುಮಾನ. ಅದನ್ನು ಇನ್ನೊಂದು ಪ್ಲೇಟಿಗೆ ಬಳಿದು, ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು, ಮರುದಿನ ಸ್ಕೇಲು ಹಿಡಿಯುತ್ತಾರೆ. ಕಾರ್ಬಪೆನೆಮ್ ಗುಂಪಿನ ಮೆರೊಪೆನೆಮ್ ಬಿಲ್ಲೆಯ ಸುತ್ತ 23 ಮಿಲಿಮೀಟರೋ ಹೆಚ್ಚೋ ಅಗಲದ ಖಾಲಿ ವೃತ್ತವಿದ್ದರೆ ಔಷಧ ನಾಟುತ್ತದೆ. 19 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಔಷಧದ ಆಸೆ ಬಿಡಬೇಕು.

ಆಗ ರಿಪೋರ್ಟು ಟೈಪಾಗುವವರೆಗೆ ಕಾಯುತ್ತ ಕೂರುವಂತಿಲ್ಲ. ವಾರ್ಡಿಗೆ ಫೋನು ಹೋಗಬೇಕು. ಆ ರೋಗಿಗೆ ಬೇರೆ ಕೋಣೆ, ಬೇರೆ ಬಿಪಿ ಪಟ್ಟಿ, ಬೇರೆ ಸ್ಟೆತೊಸ್ಕೋಪು. ನರ್ಸು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಗ್ಲೌಸು ತೆಗೆದು, ಸ್ಪಿರಿಟ್ ದ್ರವವನ್ನು 20–30 ಸೆಕೆಂಡು ಕೈಗೆ ಉಜ್ಜಿದರೇ? ಇದನ್ನು ಅಲ್ಲೇ ನಿಂತು ನೋಡಬೇಕು. ಅಕ್ಕಪಕ್ಕದ ಹಾಸಿಗೆಯಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕರೆ ಹುಡುಕಾಟ ಸಿಂಕಿನ ಕೊಳವೆಯವರೆಗೂ ಹೋಗುತ್ತದೆ. ಅಲ್ಲಿ ನಿಂತ ನೀರಲ್ಲಿ ಇವು ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲವು.

ಇಷ್ಟೆಲ್ಲ ಮಾಡಿದರೂ, ಹಿಂದಿನ ಆಸ್ಪತ್ರೆಯ ಕಲ್ಚರ್ ರಿಪೋರ್ಟು (ಹೀಗೆ ಬ್ಯಾಕ್ಟೀರಿಯಾ ಬೆಳೆಸಿ ನೋಡಿದ ಪರೀಕ್ಷೆಯ ವರದಿ) ರೋಗಿಯ ಜೊತೆ ಬರದಿದ್ದರೆ ಎರಡು ಮೂರು ದಿನ ಕತ್ತಲಲ್ಲೇ ಕಳೆಯುತ್ತದೆ. ಡಿಸ್ಚಾರ್ಜ್ ಆಗುವಾಗ ಮನೆಯವರು ಅದರ ಪ್ರತಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಇದೆ ಎಂದಿದ್ದರೆ ಮುಚ್ಚಿಡುವ ಅಗತ್ಯವಿಲ್ಲ. ಗಟ್ಟಿಮುಟ್ಟಾದವರ ಕರುಳಿನಲ್ಲಿ ಅದು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಮನೆಯಲ್ಲಿ ಸೋಪಿನಿಂದ ಚೆನ್ನಾಗಿ ಕೈ ತೊಳೆದುಕೊಂಡರಾಯಿತು. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಆ ಹಾಳೆಯನ್ನು ಮೊದಲೇ ತೋರಿಸಿ.